ಕಲ್ಲಾದ ಸಗಣಿಯೂ ಮರಳಿ ಚಿಗುರಿದ ಜೀವಲೋಕವೂ

ಆಕಳು ಎಮ್ಮೆಗಳದು ಸಗಣಿ. ಆನೆ ಕುದುರೆಗಳದು ಲದ್ದಿ. ಆಡು ಕುರಿಗಳದು ಹಿಕ್ಕೆ. ಒಂದೇ ಬಗೆಯ ವಸ್ತುವಿಗೆ ಕನ್ನಡವು ಪ್ರಾಣಿಗೊಂದರಂತೆ ಹೆಸರಿಟ್ಟಿದೆ. ದನಕರುಗಳೊಡನೆ ಬಾಳಿದ ಜನಕ್ಕೆ ಇದು ಇದರದು, ಅದು ಅದರದು ಎಂದು ಗುರುತಿಸಬೇಕಾದ ಅಗತ್ಯ ದಿನವೂ ಬೀಳುತ್ತಿದ್ದಿತು. ಹೆಸರುಗಳು ಹುಟ್ಟಿದ್ದು ಆ ಅಗತ್ಯದಿಂದ. ಈ ಲೇಖನದ ವಿಷಯವನ್ನು ಕೇಳಿ ಮೂಗು ಮುಚ್ಚಿಕೊಳ್ಳುವ ಬಾಲಕರಿಗೆ ಮೊದಲು ಇಷ್ಟನ್ನು ಹೇಳಬೇಕೆನಿಸಿತು. ನಮ್ಮ ಅಜ್ಜಿಯರು ಅಂಗಳ ಸಾರಿಸಿದ್ದು ಇದರಿಂದ. ಗದ್ದೆಗೆ ಹಾಕಿದ್ದು ಇದನ್ನು. ಒಲೆಗೆ ಉರಿಸಿದ್ದು ಇದರ ಬೆರಣಿಯನ್ನು. ವಿಜ್ಞಾನಿಗಳು ಇದೇ ವಸ್ತುವನ್ನು ಓದುತ್ತಾರೆ ಎಂದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕಪ್ಪಿಲಿಯರೇ ಮೊದಲಾದವರು ಹಲವು ತಲೆಮಾರುಗಳಿಂದ ದನ ಕಟ್ಟಿದವರು. ಕಂಬಂ ಊರಿನ ದೇವರ ಆವುಗಳ ಮಂದೆ, ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುವುದು, 1906ರಲ್ಲಿ ಅಚ್ಚಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿಯೇ ವರ್ಣಿತವಾಗಿದೆ. ಆ ಮಂದೆಗೊಂದು ಪಟ್ಟದ ಹೋರಿ ಉಂಟು. ಸುತ್ತಲಿನ ಬೆಟ್ಟಗಳಲ್ಲಿ ಮೇಯುವ ಗುಡ್ಡದ ದನಗಳೂ ಈ ಸೀಮೆಯವೇ. ಇಂಥ ಮಂದೆಯನ್ನು ಕಾಯುವ ದನಗಾಹಿಯನ್ನು ಕೇಳಿ ನೋಡಿರಿ: ನಿನ್ನೆ ದನ ಒಣಹುಲ್ಲು ಮೇಯಿತೇ, ಹಸುರು ಮೇಯಿತೇ, ನೀರು ಸಾಲದೇ ಹೋಯಿತೇ, ಹೊಟ್ಟೆಯಲ್ಲಿ ಹುಳುವಿದೆಯೇ ಎಂಬುದನ್ನು ಅವನು ಸಗಣಿಯನ್ನು ನೋಡಿಯೇ ಹೇಳಬಲ್ಲನು. ಮೇಘಮಲೈ ಕಾಡಿನಲ್ಲಿ ಆನೆಯ ಲದ್ದಿಯನ್ನು ಬಿಡಿಸಿದರೆ ಅದು ತಿಂದ ಹಣ್ಣಿನ ಬೀಜವೂ ಮರದ ತೊಗಟೆಯ ನಾರೂ ಕಣ್ಣಿಗೆ ಕಾಣುತ್ತವೆ. ಹುಲಿ ಏನನ್ನು ತಿನ್ನುತ್ತದೆ ಎಂದು ತಿಳಿಯಲು ಅರಣ್ಯಶಾಸ್ತ್ರಜ್ಞರು ಅದರ ಬೆನ್ನು ಹತ್ತಿ ಹೋಗುವುದಿಲ್ಲ. ಹಾದಿಯಲ್ಲಿ ಅದು ಬಿಟ್ಟುಹೋದ ಮಲವನ್ನು ತೊಳೆದು, ಅದರೊಳಗಿನ ಕೂದಲನ್ನು ಭೂತಗನ್ನಡಿಯ ಕೆಳಗಿಟ್ಟು, ಇದು ಕಡವೆಯದು, ಇದು ಹಂದಿಯದು ಎಂದು ವಿಂಗಡಿಸುತ್ತಾರೆ.

ದನಗಾಹಿಯ ಈ ವಿದ್ಯೆಯನ್ನು ಇಪ್ಪತ್ತು ಕೋಟಿ ವರ್ಷಗಳ ಹಿಂದಿನ ಕಾಲಕ್ಕೆ ಅನ್ವಯಿಸುವುದು ಸಾಧ್ಯವೇ? ಸಾಧ್ಯ. ಸಗಣಿ ಕಲ್ಲಾಗಿದ್ದರೆ ಸಾಕು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಎಂಬ ಊರಿನಲ್ಲಿ ಮೇರಿ ಆ್ಯನಿಂಗ್ ಎಂಬ ಬಡ ಬಡಗಿಯ ಮಗಳಿದ್ದಳು. ಕಡಲಿನ ಅಲೆ ಕೊರೆದ ಬಂಡೆಗಳಿಂದ ಪಳೆಯುಳಿಕೆಗಳನ್ನು ಆಯ್ದು ಮಾರುವುದೇ ಅವಳ ಜೀವನೋಪಾಯ. ಇಕ್ತಿಯೋಸಾರ್ ಎಂಬ ಮತ್ಸ್ಯಾಕಾರದ ಸರೀಸೃಪದ ಅಸ್ಥಿಪಂಜರಗಳಲ್ಲಿ ಹೊಟ್ಟೆಯಿರಬೇಕಾದ ಸ್ಥಳದಲ್ಲಿ ಒಂದು ಬಗೆಯ ಉರುಟು ಕಲ್ಲುಗಳು ಸಿಕ್ಕುವುದನ್ನೂ, ಅವುಗಳನ್ನು ಒಡೆದರೆ ಒಳಗೆ ಮೀನಿನ ಮುಳ್ಳು ಹುರುಪೆಗಳಿರುವುದನ್ನೂ ಅವಳು ಗಮನಿಸಿದಳು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡ್ ಎಂಬ ಪಂಡಿತನು 1829ರಲ್ಲಿ ಈ ಕಲ್ಲುಗಳು ಪುರಾತನ ಪ್ರಾಣಿಗಳ ಮಲವೇ ಎಂದು ಸಾರಿ, ಗ್ರೀಕ್ ಭಾಷೆಯ ಸಗಣಿ ಮತ್ತು ಕಲ್ಲು ಎಂಬೆರಡು ಪದಗಳನ್ನು ಜೋಡಿಸಿ ಅವುಗಳಿಗೆ ಕಾಪ್ರೊಲೈಟ್ ಎಂದು ಹೆಸರಿಟ್ಟನು. ನಾವು ಮಲಶಿಲೆ ಎನ್ನೋಣ. ಕೀರ್ತಿಯ ಬಹುಪಾಲು ಪಂಡಿತನಿಗೆ ಸಂದಿತು. ಬಂಡೆಯ ಬುಡದಲ್ಲಿ ಮಳೆಗಾಳಿಗೆ ಮೈಯೊಡ್ಡಿ ದುಡಿದವಳಿಗೆ ಅದು ಬಹಳ ತಡವಾಗಿ ಸಂದಿತು ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ವ್ಯವಸಾಯ ಮಾಡುವ ತಂದೆತಾಯಿಗಳಿಗೆ ಇಲ್ಲಿ ಒಂದು ಸ್ವಾರಸ್ಯವುಂಟು. ಅದೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಸಫೋಕ್ ಮತ್ತು ಕೇಂಬ್ರಿಜ್ ಪ್ರಾಂತಗಳಲ್ಲಿ ಮಲಶಿಲೆ ಎಂದು ಕರೆದ ಗಂಟುಗಳನ್ನು ಗಣಿಯಿಂದ ತೋಡಿ, ಪುಡಿಮಾಡಿ, ಗಂಧಕಾಮ್ಲದಲ್ಲಿ ಕಲಸಿ ಹೊಲಗಳಿಗೆ ಹಾಕಿದರು. ಇಂದು ಅಂಗಡಿಯಲ್ಲಿ ಸೂಪರ್ ಫಾಸ್ಫೇಟ್ ಎಂದು ಮೂಟೆಗಟ್ಟಿ ಮಾರುವ ಗೊಬ್ಬರದ ಹಿರಿಯಣ್ಣ ಅದೇ. ಹಾಗೆ ತೋಡಿದ್ದರಲ್ಲಿ ಬಹಳಷ್ಟು ನಿಜವಾದ ಮಲಶಿಲೆಯಾಗಿರಲಿಲ್ಲ, ಬರಿಯ ರಂಜಕದ ಗಂಟುಗಳಾಗಿದ್ದುವು ಎಂದು ಆಮೇಲೆ ತಿಳಿಯಿತು. ಬೆಳೆಗೆ ಆ ಭೇದ ತಿಳಿಯಲಿಲ್ಲ!

ಸಗಣಿ ಕಲ್ಲಾಗುವುದು ಸುಲಭವಲ್ಲ. ಮಳೆ ಬಂದರೆ ಕರಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ಹುಳು ತಿನ್ನುತ್ತದೆ, ಕಾಲ್ತುಳಿತಕ್ಕೆ ಚದುರುತ್ತದೆ. ಬಿದ್ದ ಸ್ವಲ್ಪ ಕಾಲದಲ್ಲಿಯೇ ಕೆಸರು, ಹೂಳು ಅಥವಾ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಬೇಕು. ಮಾಂಸಾಹಾರಿಗಳ ಮಲದಲ್ಲಿ ಅರೆಜೀರ್ಣವಾದ ಎಲುಬಿನಿಂದ ಬಂದ ಸುಣ್ಣವೂ ರಂಜಕವೂ ಮೊದಲೇ ಇರುತ್ತವೆ. ಆದುದರಿಂದ ಅದು ಬೇಗ ಗಟ್ಟಿಯಾಗಿ ಶಿಲೆಯಾಗುತ್ತದೆ. ಹುಲ್ಲು ತಿನ್ನುವವುಗಳ ಸಗಣಿಗೆ ಆ ಅನುಕೂಲವಿಲ್ಲ. ಹೀಗಾಗಿ ನಮಗೆ ದೊರೆತ ಮಲಶಿಲೆಗಳಲ್ಲಿ ಬೇಟೆಗಾರ ಪ್ರಾಣಿಗಳವೇ ಹೆಚ್ಚು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೆಯ ಲೋಕವೆಲ್ಲ ಹುಲಿಗಳಿಂದಲೇ ತುಂಬಿತ್ತೆಂದು ತಿಳಿದರೆ ಮೋಸ ಹೋಗುತ್ತೇವೆ.

ನಮ್ಮ ಕಣಿವೆಯಲ್ಲಿ ಅಂಥ ಕಲ್ಲು ಸಿಕ್ಕೀತೇ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಸಿಕ್ಕುವುದಿಲ್ಲ. ತೇನಿ, ಬೋಡಿನಾಯಕನೂರುಗಳ ಸುತ್ತಲಿನ ಬೆಟ್ಟಗಳೂ, ದಿಂಡಿಗಲ್ಲಿನ ಕೋಟೆಯನ್ನು ಹೊತ್ತು ನಿಂತ ಹೆಬ್ಬಂಡೆಯೂ ಭೂಗರ್ಭದ ಆಳದಲ್ಲಿ ಅತಿಯಾದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೆಂದ ಶಿಲೆಗಳು. ನೆಲದ ಮೇಲೆ ಪ್ರಾಣಿಗಳು ನಡೆದಾಡುವುದಕ್ಕೆ ಮೊದಲೇ ರೂಪುಗೊಂಡವು. ಅವುಗಳಲ್ಲಿ ಎಲುಬನ್ನೋ ಸಗಣಿಯನ್ನೋ ಹುಡುಕುವುದು ಕುಲುಮೆಯಲ್ಲಿ ಹೂವನ್ನು ಹುಡುಕಿದಂತೆ. ಪಳೆಯುಳಿಕೆ ಬೇಕಾದರೆ ದಿಂಡಿಗಲ್ಲಿನಲ್ಲಿ ರೈಲು ಹತ್ತಿ ತಿರುಚ್ಚಿರಾಪಳ್ಳಿಯನ್ನು ದಾಟಿ ಅರಿಯಲೂರಿಗೆ ಹೋಗಬೇಕು. ಅಲ್ಲಿ ಒಂದಾನೊಂದು ಕಾಲದಲ್ಲಿ ಕಡಲಿತ್ತು. ಅದರ ಸುಣ್ಣದ ಕಲ್ಲನ್ನು ಈಗ ಸಿಮೆಂಟಿಗಾಗಿ ಅಗೆಯುತ್ತಾರೆ, ಅದರಲ್ಲಿ ಸುರುಳಿ ಚಿಪ್ಪುಗಳೂ ಶಾರ್ಕ್ ಮೀನಿನ ಹಲ್ಲುಗಳೂ ದೊರೆಯುತ್ತವೆ. ಆದರೆ ಈ ಲೇಖನದ ಕಥೆ ನಡೆಯುವುದು ಅರಿಯಲೂರಿನ ಕಡಲಿಗಿಂತಲೂ ಬಹಳ ಹಿಂದೆ, ಗೋದಾವರಿ ದಾಮೋದರ ನದಿಗಳ ಬಯಲಿನಲ್ಲಿ. ಆಗ ನಮ್ಮ ನೆಲವು ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾಗಳೊಡನೆ ಒಂದಾಗಿ ಬೆಸೆದುಕೊಂಡಿದ್ದಿತು.

ಇಂದಿಗೆ 25 ಕೋಟಿ 19 ಲಕ್ಷ ವರ್ಷಗಳ ಹಿಂದೆ ಭೂಮಿಯ ಮೇಲಿನ ಜೀವರಾಶಿಗೆ ಹಿಂದೆಂದೂ ಒದಗದಿದ್ದ ವಿಪತ್ತು ಒದಗಿತು. ಸೈಬೀರಿಯಾದಲ್ಲಿ ನೆಲ ಬಿರಿದು ಲಾವಾರಸವು ಸಾವಿರಾರು ಮೈಲಿಗಳವರೆಗೆ ಹರಿಯಿತು. ಅದರೊಡನೆ ಎದ್ದ ಅನಿಲಗಳಿಂದ ಗಾಳಿ ಬಿಸಿಯೇರಿತು, ಕಡಲು ಕಾದು ಆಮ್ಲವಾಯಿತು, ನೀರಿನಲ್ಲಿ ಉಸಿರಾಡುವ ಪ್ರಾಣವಾಯು ಕುಂದಿತು. ಕಡಲ ಜೀವಿಗಳ ಹತ್ತು ಜಾತಿಗಳಲ್ಲಿ ಎಂಟಕ್ಕೂ ಮಿಗಿಲಾಗಿ ಅಳಿದುವು. ನೆಲದ ಮೇಲೂ ಬಹುಪಾಲು ಪ್ರಾಣಿಗಳು ನಾಶವಾದುವು. ಮುಖ್ಯ ಸಂಹಾರವೆಲ್ಲ ಅರುವತ್ತು ಸಾವಿರ ವರ್ಷಗಳೊಳಗೆ ಮುಗಿಯಿತೆಂದು ಚೀನದ ಶಿಲಾಸ್ತರಗಳ ಕಾಲಗಣನೆಯಿಂದ ಗೊತ್ತಾಗಿದೆ. ನಮ್ಮ ಎಣಿಕೆಗೆ ಅದು ದೀರ್ಘಕಾಲ. ಭೂಮಿಯ ಎಣಿಕೆಗೆ ಕಣ್ಣೆವೆ ಮುಚ್ಚಿ ತೆರೆದಷ್ಟು.

ಈ ವಿಪತ್ತಿನ ಗುರುತು ಭಾರತದಲ್ಲಿಯೇ ಇದೆ. ಬಂಗಾಳದ ರಾಣಿಗಂಜ್‌ನ ಗಣಿಗಳಿಂದ ತೆಗೆಯುವ ಕಲ್ಲಿದ್ದಲು ವಿಪತ್ತಿಗೆ ಮುಂಚಿನ ದಟ್ಟ ಕಾಡುಗಳ ಅವಶೇಷ. ಅದರ ಮೇಲಿನ ಪಂಚೇತ್ ಎಂಬ ಸ್ತರಕ್ಕೆ ಬಂದರೆ ಕಲ್ಲಿದ್ದಲು ಇಲ್ಲ. ಅಲ್ಲಿ ಮಾತ್ರವಲ್ಲ, ಸುಮಾರು ಒಂದು ಕೋಟಿ ವರ್ಷಗಳ ಕಾಲ ಭೂಮಿಯ ಯಾವ ಮೂಲೆಯಲ್ಲಿಯೂ ಕಲ್ಲಿದ್ದಲಾಗುವಷ್ಟು ಸೊಪ್ಪುಸದೆ ಜೌಗಿನಲ್ಲಿ ಕೂಡಿಬೀಳಲಿಲ್ಲ. ಪಂಚೇತ್ ಸ್ತರದಲ್ಲಿ ಸಿಕ್ಕುವ ಪ್ರಾಣಿಗಳಲ್ಲಿ ಹೆಸರಾದದ್ದು ಲಿಸ್ಟ್ರೊಸಾರಸ್. ಹಂದಿಯಷ್ಟು ಗಾತ್ರ, ಗಿಣಿಯಂಥ ಕೊಕ್ಕು, ಮೇಲ್ದವಡೆಯಿಂದ ಇಳಿಬಿದ್ದ ಎರಡು ಕೋರೆಗಳು: ನೋಡಲು ಅಷ್ಟೇನೂ ಲಕ್ಷಣವಾಗಿಲ್ಲದ ಈ ಸಸ್ಯಾಹಾರಿ ಬದುಕುಳಿಯಿತು. ದಕ್ಷಿಣ ಆಫ್ರಿಕಾದಲ್ಲಿಯೂ ಅಂಟಾರ್ಕ್ಟಿಕಾದಲ್ಲಿಯೂ ಚೀನದಲ್ಲಿಯೂ ಇದರ ಎಲುಬುಗಳೇ ರಾಶಿರಾಶಿಯಾಗಿ ದೊರೆತಿವೆ. ಒಂದು ಊರಿನಲ್ಲಿ ನೂರು ಮನೆಗಳಲ್ಲಿ ತೊಂಬತ್ತು ಬಿದ್ದುಹೋಗಿ, ಉಳಿದ ಹತ್ತರವರೇ ಊರನ್ನೆಲ್ಲ ತುಂಬಿಕೊಂಡರೆ ಹೇಗೋ ಹಾಗೆ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಊರು ಮರಳಿ ಊರಾಯಿತೆಂದು ಯಾವಾಗ ಹೇಳಬೇಕು? ಜನಸಂಖ್ಯೆ ಮೊದಲಿನಷ್ಟಾದಾಗಲೇ? ಕಮ್ಮಾರ, ಕುಂಬಾರ, ಅಗಸ, ವೈದ್ಯ, ಉಪಾಧ್ಯಾಯ ಇವರೆಲ್ಲ ಬಂದು, ಒಬ್ಬರ ಕೆಲಸವನ್ನು ಇನ್ನೊಬ್ಬರು ಆಶ್ರಯಿಸಿ, ಕೊಳುಕೊಡೆ ಆರಂಭವಾದಾಗ ಮಾತ್ರ ಅದು ಊರು. ಅಲ್ಲಿಯವರೆಗೆ ಅದು ಬಿಡಾರ. ಜೀವಲೋಕದಲ್ಲಿ ಕೊಳುಕೊಡೆಯೆಂದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದು. ಹುಲ್ಲನ್ನು ಮಿಡತೆ, ಮಿಡತೆಯನ್ನು ಓತಿ, ಓತಿಯನ್ನು ಹಾವು, ಹಾವನ್ನು ಹದ್ದು. ಸತ್ತುದನ್ನೂ ಮಲವನ್ನೂ ಹುಳುಹುಪ್ಪಟೆಗಳು. ಇದನ್ನು ಆಹಾರಜಾಲ ಎನ್ನುತ್ತಾರೆ. ಎಲುಬಿನ ಪಳೆಯುಳಿಕೆಯು ಒಬ್ಬ ನಿವಾಸಿಯ ಹೆಸರನ್ನು ತಿಳಿಸುತ್ತದೆ. ಹಲ್ಲಿನ ಆಕಾರದಿಂದ ಅವನ ಊಟವನ್ನು ಊಹಿಸಬಹುದು. ಆದರೆ ಊಟದ ಎಲೆಯನ್ನೇ ನಮ್ಮ ಮುಂದಿಡುವುದು ಮಲಶಿಲೆಯೊಂದೇ. ಆಹಾರಜಾಲದ ಒಂದು ಎಳೆ, ತಿಂದವನಿಂದ ತಿನ್ನಲ್ಪಟ್ಟವನವರೆಗೆ, ಮುರಿಯದೆ ಅದರೊಳಗೆ ಕಲ್ಲಾಗಿ ಕುಳಿತಿರುತ್ತದೆ.

ಜಪಾನಿನ ಈಶಾನ್ಯ ತೀರದ ಮಿಯಾಗಿ ಪ್ರಾಂತದಲ್ಲಿ ಒಸಾವಾ ಎಂಬ ಶಿಲಾಸ್ತರವಿದೆ. ಅದು ಮಹಾವಿನಾಶದಿಂದ ಸುಮಾರು 50 ಲಕ್ಷ ವರ್ಷಗಳ ನಂತರದ ಕಡಲತಳ. ಅಲ್ಲಿ ದೊರೆತ ಅರುವತ್ತರಷ್ಟು ಮಲಶಿಲೆಗಳನ್ನು ಇಬ್ಬರು ಜಪಾನೀ ಸಂಶೋಧಕರು 2014ರಲ್ಲಿ ವರ್ಣಿಸಿದರು. ಕೆಲವು ಬೆರಳಿಗಿಂತ ಸಣ್ಣವು. ಕೆಲವು ಮುಷ್ಟಿಗೆ ಸಮೀಪವಾದವು. ಗಾತ್ರಗಳು ಹಲವು, ಆಕಾರಗಳು ಹಲವು. ಅಂದರೆ ಅವುಗಳನ್ನು ಬಿಟ್ಟ ಪ್ರಾಣಿಗಳೂ ಹಲವು. ಕೆಲವುದರಲ್ಲಿ ಬೆನ್ನೆಲುಬುಳ್ಳ ಪ್ರಾಣಿಗಳ ಮೂಳೆಚೂರುಗಳಿದ್ದುವು. ಇಷ್ಟರಿಂದ ಏನು ತಿಳಿಯಿತು? ಐವತ್ತು ಲಕ್ಷ ವರ್ಷಗಳ ಹೊತ್ತಿಗೆ ಆ ಕಡಲಿನಲ್ಲಿ ಸಣ್ಣದನ್ನು ತಿನ್ನುವ ಪ್ರಾಣಿಯೂ, ಆ ಪ್ರಾಣಿಯನ್ನೇ ತಿನ್ನುವ ದೊಡ್ಡ ಪ್ರಾಣಿಯೂ ಮರಳಿ ಬಂದಿದ್ದುವು. ಬೇಟೆಗಾರರ ಸಾಲು ಮೇಲಿನ ಮೆಟ್ಟಿಲವರೆಗೆ ನಿಂತಿದ್ದಿತು.

ಇದಕ್ಕಿಂತ ಬೇಗ ಚೇತರಿಕೆಯಾಯಿತೆಂದು ವಾದಿಸುವವರೂ ಇದ್ದಾರೆ. ದಕ್ಷಿಣ ಚೀನದ ಗ್ವೇಯಾಂಗ್ ನಗರದ ಬಳಿ ಸಿಕ್ಕಿದ, ವಿನಾಶದಿಂದ ಹತ್ತು ಲಕ್ಷ ವರ್ಷ ಮಾತ್ರ ಕಳೆದ ಕಾಲದ ಜೀವಸಮುದಾಯವೊಂದನ್ನು 2023ರಲ್ಲಿ ಪ್ರಕಟಿಸಿದರು. ಅದರಲ್ಲಿ ಮೀನುಗಳೂ ಸೀಗಡಿ ಜಾತಿಯವೂ ತಕ್ಕಮಟ್ಟಿಗೆ ಸಮೃದ್ಧವಾಗಿವೆ. ಒಂದು ಕೇರಿ ಬೇಗ ಎದ್ದಿತೆಂದ ಮಾತ್ರಕ್ಕೆ ಊರೆಲ್ಲ ಎದ್ದಿತೆಂದು ಹೇಳಲಾಗದು. ಕಡಲು ಒಂದೇ ಆದರೂ ಅದರ ಬಿಸಿ ತಂಪುಗಳು ಎಲ್ಲೆಡೆಯೂ ಒಂದೇ ಅಲ್ಲ.

ನೆಲದ ಕಥೆಯನ್ನು ತಿಳಿಯಲು ನಮ್ಮ ದೇಶದ ಮಾಲೇರಿಗೆ ಹೋಗೋಣ. ಇದು ತೆಲಂಗಾಣದ ಉತ್ತರ ಭಾಗದಲ್ಲಿ, ಪ್ರಾಣಹಿತಾ ಗೋದಾವರಿಗಳ ಕೊಳ್ಳದಲ್ಲಿರುವ ಹಳ್ಳಿ. ಆ ಕೊಳ್ಳದಲ್ಲಿಯೂ ಕೆಳಗಿನ ಸ್ತರಗಳಲ್ಲಿ ಸಿಂಗರೇಣಿಯ ಕಲ್ಲಿದ್ದಲಿದೆ. ಮೇಲೆ ಬಂದಂತೆ ಕೆಂಪು ಜೇಡಿಯ ಮಾಲೇರಿ ಸ್ತರ ತೋರುತ್ತದೆ. ಅದು ಮಹಾವಿನಾಶದಿಂದ ಎರಡರಿಂದ ಮೂರು ಕೋಟಿ ವರ್ಷಗಳ ಅನಂತರದ್ದು. ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಾಪ್ ಎಂಬ ಪಾದ್ರಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿನ ಪಳೆಯುಳಿಕೆಗಳನ್ನು ಮೊದಲು ಲೋಕದ ಗಮನಕ್ಕೆ ತಂದರು. ಇಲ್ಲಿನ ಮಲಶಿಲೆಗಳನ್ನು ಕುರಿತು ಮ್ಯಾಟ್ಲಿ 1939ರಲ್ಲಿ ಬರೆದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸೋಹನ್ ಲಾಲ್ ಜೈನ್ 1983ರಲ್ಲಿ ಅವುಗಳಲ್ಲಿ ಸುರುಳಿಯಾಕಾರದವನ್ನು ವಿವರವಾಗಿ ಪರಿಶೀಲಿಸಿದರು. ಸಂಖ್ಯಾಶಾಸ್ತ್ರದ ಮನೆಯಲ್ಲಿ ಸಗಣಿಗೇನು ಕೆಲಸ ಎಂದು ಕೇಳಬೇಡಿರಿ. ಆ ಸಂಸ್ಥೆಯನ್ನು ಕಟ್ಟಿದ ಮಹಲನೋಬಿಸರು ಭೂವಿಜ್ಞಾನಕ್ಕೂ ಅಲ್ಲಿ ಸ್ಥಾನ ಕೊಟ್ಟಿದ್ದರು.

ಸುರುಳಿ ಏಕೆ ಬರುತ್ತದೆಂಬುದು ತಿಳಿಯತಕ್ಕ ವಿಷಯ. ಶಾರ್ಕ್‌ಗಳ ಮತ್ತು ಶ್ವಾಸಮತ್ಸ್ಯಗಳ ಕರುಳಿನೊಳಗೆ ತಿರುಗುಮೆಟ್ಟಿಲಿನಂಥ ಒಂದು ಪೊರೆಯುಂಟು. ಆಹಾರವು ಅದನ್ನು ಸುತ್ತಿಕೊಂಡು ಇಳಿಯುತ್ತದೆ. ಚಿಕ್ಕ ಕರುಳಿನಲ್ಲಿಯೇ ಹೆಚ್ಚು ಸಾರವನ್ನು ಹೀರುವ ಉಪಾಯವಿದು. ಹೊರಬರುವುದು ಒತ್ತಿ ಸುತ್ತಿದ ಚಾಪೆಯಂತೆ ಸುರುಳಿಯಾಗಿ ಬರುತ್ತದೆ. ಮಾಲೇರಿಯ ಜೇಡಿಯಲ್ಲಿ ಶ್ವಾಸಮತ್ಸ್ಯಗಳ ಹಲ್ಲಿನ ಫಲಕಗಳೂ ದೊರೆಯುವುದರಿಂದ ಈ ಸುರುಳಿಗಳು ಅವುಗಳವೇ ಇರಬಹುದೆಂದು ಜೈನರು ಸೂಚಿಸಿದರು. ಅವು ಹೊರಬಿದ್ದ ಮಲವೋ, ಸತ್ತ ಮೀನಿನ ಕರುಳಿನೊಳಗೇ ಕಲ್ಲಾದದ್ದೋ ಎಂಬ ಚರ್ಚೆಯೂ ಉಂಟು. ಶ್ವಾಸಮತ್ಸ್ಯದ ವಂಶದ ಒಂದು ಮೀನು ಈಗಲೂ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ನದಿಗಳಲ್ಲಿ ಈಜುತ್ತಿದೆ.

ಮಾಲೇರಿಯಲ್ಲಿ ದೊರೆತ ಇತರ ನಿವಾಸಿಗಳನ್ನು ಸೇರಿಸಿ ನೋಡಿದರೆ ಊರಿನ ಚಿತ್ರ ತುಂಬುತ್ತದೆ. ಕೊಕ್ಕಿನ ಬಾಯಿಯ ಹೈಪರೊಡಪೆಡಾನ್ ಗಿಡಗೆಡ್ಡೆಗಳನ್ನು ಜಗಿಯುತ್ತಿದ್ದಿತು. ಚಪ್ಪಟೆ ತಲೆಯ ಭಾರಿ ಉಭಯಚರಗಳು ಕೆಸರಿನಲ್ಲಿ ಹೊಂಚುಹಾಕುತ್ತಿದ್ದುವು. ಮೊಸಳೆಯನ್ನು ಹೋಲುವ ಪ್ಯಾರಾಸೂಕಸ್ ನೀರಿನ ಒಡೆಯ. ಅದರ ಎರಡು ಅಸ್ಥಿಪಂಜರಗಳೊಡನೆ ಮಾಲೇರಿಸಾರಸ್ ಎಂಬ ಚಿಕ್ಕ ಸರೀಸೃಪದ ಎಲುಬುಗಳು ಸಿಕ್ಕಿದುವು. ಅವು ಅದರ ಹೊಟ್ಟೆಯಲ್ಲಿದ್ದ ಕೊನೆಯ ಊಟವಿರಬೇಕೆಂದು ಶಂಕರ ಚಟರ್ಜಿಯವರು 1980ರಲ್ಲಿ ಬರೆದರು. ಆದಿಕಾಲದ ಚಿಕ್ಕ ಡೈನೊಸಾರ್ ಒಂದೂ ಅದೇ ಸ್ತರದಲ್ಲಿ ಇದೆ. ಪಂಚೇತ್ ಸ್ತರದ ಬಿಡಾರ ಮಾಲೇರಿಯ ಹೊತ್ತಿಗೆ ಊರಾಗಿದ್ದಿತು ಎಂದು ಹೇಳಲು ಇಷ್ಟು ಸಾಕು. ಆದರೆ ಹಳೆಯ ಮನೆತನಗಳಲ್ಲಿ ಬಹುಪಾಲು ಇರಲಿಲ್ಲ. ಬಂದವರು ಹೊಸಬರು, ಮಾಡಿದ ಕೆಲಸಗಳು ಹಳೆಯವು.

ಸಸ್ಯಾಹಾರಿಗಳ ಸಗಣಿ ಕಲ್ಲಾಗುವುದು ಅಪೂರ್ವವೆಂದೆನಷ್ಟೆ. ಆ ಅಪೂರ್ವವು ಅರ್ಜೆಂಟೀನ ದೇಶದ ಲಾ ರಿಯೋಹಾ ಪ್ರಾಂತದಲ್ಲಿ ನಡೆದಿದೆ. ಮಾಲೇರಿಗಿಂತ ಸ್ವಲ್ಪ ಹಿಂದಿನ ಚಾನ್ಯಾರೆಸ್ ಸ್ತರದಲ್ಲಿ ಸಾವಿರಾರು ಮಲಶಿಲೆಗಳು ಗುಂಪುಗುಂಪಾಗಿ ಕಂಡುಬಂದುದನ್ನು 2013ರಲ್ಲಿ ಪ್ರಕಟಿಸಿದರು. ದೊಡ್ಡವು 35 ಸೆಂಟಿಮೀಟರ್ ಅಗಲ; ಬಿಟ್ಟದ್ದು ಲಿಸ್ಟ್ರೊಸಾರಸ್ಸಿನ ಬಳಗಕ್ಕೆ ಸೇರಿದ, ಅದಕ್ಕಿಂತ ಬಹಳ ದೊಡ್ಡದಾದ ಪ್ರಾಣಿ. ಜ್ವಾಲಾಮುಖಿಯ ಬೂದಿ ಇವನ್ನೆಲ್ಲ ಮುಚ್ಚಿ ಕಾಪಾಡಿತು. ಗುಂಪಾಗಿ ಒಂದೇ ಸ್ಥಳದಲ್ಲಿ ಬಿದ್ದಿರುವುದನ್ನು ನೋಡಿದರೆ ಆ ಪ್ರಾಣಿಗಳು ಮಂದೆಯಾಗಿ ಬಾಳುತ್ತಿದ್ದು, ಗೊತ್ತಾದ ಜಾಗಕ್ಕೇ ಬಂದು ಮಲ ಹಾಕುತ್ತಿದ್ದುವೆಂದು ಸ್ಪಷ್ಟವಾಗುತ್ತದೆ. ಅಸ್ಸಾಮಿನ ಕಾಜಿರಂಗದ ಘೇಂಡಾಮೃಗಗಳಿಗೆ ಇಂದಿಗೂ ಇದೇ ರೂಢಿ. ಎಲುಬನ್ನು ಎಷ್ಟು ಅಳೆದರೂ ಒಂದು ಪ್ರಾಣಿಯ ಇಂಥ ನಡೆವಳಿಕೆ ತಿಳಿಯುತ್ತಿರಲಿಲ್ಲ.

ಇನ್ನು ಪೋಲೆಂಡಿನ ಒಂದು ಸಂಗತಿ. ಅಲ್ಲಿನ ಕ್ರಾಸಿಯೆಯೂವ್ ಎಂಬಲ್ಲಿ ದೊರೆತ, 23 ಕೋಟಿ ವರ್ಷಗಳ ಹಿಂದಿನ ಒಂದು ಸಣ್ಣ ಮಲಶಿಲೆಯನ್ನು ಒಡೆಯದೆಯೇ ಪ್ರಬಲವಾದ ಕ್ಷಕಿರಣಗಳಿಂದ ಒಳಹೊಕ್ಕು ನೋಡಿದರು. ಒಳಗೆ ಒಂದೂವರೆ ಮಿಲಿಮೀಟರಿನಷ್ಟು ಚಿಕ್ಕ ಜೀರುಂಡೆಗಳು, ಕೆಲವು ಕಾಲು ಮೀಸೆಗಳ ಸಮೇತ ಅಖಂಡವಾಗಿದ್ದುವು! ಅದುವರೆಗೆ ಯಾರೂ ಕಂಡಿರದ ಆ ಜಾತಿಗೆ 2021ರಲ್ಲಿ ಟ್ರಯಾಮಿಕ್ಸಾ ಎಂದು ಹೆಸರಿಟ್ಟರು. ನೀರಿನಂಚಿನ ಪಾಚಿಯಲ್ಲಿ ಬಾಳಿದ ಹುಳು. ಅದನ್ನು ನುಂಗಿದ್ದು ಸೈಲೆಸಾರಸ್ ಎಂಬ, ಡೈನೊಸಾರುಗಳ ಹತ್ತಿರದ ನೆಂಟ ಇರಬೇಕೆಂದು ಊಹೆ. ಎಲುಬಿಲ್ಲದ ಜೀರುಂಡೆ ಮಣ್ಣಿನಲ್ಲಿ ಉಳಿಯುವುದು ಕಷ್ಟ. ಮಲದೊಳಗೆ ಅದಕ್ಕೆ ರಕ್ಷಣೆ ದೊರೆಯಿತು. ಅದೇ ದೇಶದ ಐನೂರಕ್ಕೂ ಮಿಕ್ಕ ಇಂಥ ಅವಶೇಷಗಳನ್ನು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯದವರು ಒಟ್ಟುಗೂಡಿಸಿ, 2024ರಲ್ಲಿ ಮೂರು ಕೋಟಿ ವರ್ಷಗಳ ಆಹಾರಜಾಲವನ್ನೇ ಎಳೆಯೆಳೆಯಾಗಿ ಬಿಡಿಸಿ ತೋರಿಸಿದರು. ಕಾಲ ಕಳೆದಂತೆ ಮಲಶಿಲೆಗಳು ದೊಡ್ಡವಾಗುತ್ತ, ಅವುಗಳೊಳಗಿನ ಪದಾರ್ಥಗಳು ಬಗೆಬಗೆಯಾಗುತ್ತ ಬಂದುವು. ಕೆಲವು ಸಸ್ಯಾಹಾರಿಗಳ ಮಲದಲ್ಲಿ ಮರಜರೀಗಿಡದೊಡನೆ ಇದ್ದಿಲು ಕೂಡ ಇತ್ತು.

ಇಷ್ಟು ಸಣ್ಣ ಎಳೆಗಳಿಗೆ ಇಷ್ಟೊಂದು ಮಹತ್ತ್ವವೇಕೆ ಎನ್ನುವವರು ಆಸ್ಟ್ರೇಲಿಯದ ದನಗಳ ವೃತ್ತಾಂತವನ್ನು ಕೇಳಬೇಕು. ಯೂರೋಪಿಯನರು ಅಲ್ಲಿಗೆ ದನಗಳನ್ನು ಒಯ್ದರು. ಅಲ್ಲಿನ ಸಗಣಿಹುಳುಗಳಾದರೋ ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದವು. ದನದ ಒದ್ದೆ ಸಗಣಿ ಅವಕ್ಕೆ ಬೇಡವಾಯಿತು. ಸಗಣಿ ಹುಲ್ಲುಗಾವಲಿನಲ್ಲಿ ಒಣಗಿ ಹಪ್ಪಳವಾಗಿ ಹಾಗೆಯೇ ಬಿದ್ದಿತು, ಅದರಡಿಯ ಹುಲ್ಲು ಸತ್ತಿತು, ನೊಣಗಳು ಮೋಡದಂತೆ ಮುತ್ತಿದುವು. ಜಾರ್ಜ್ ಬೋರ್ನೆಮಿಸ್ಸಾ ಎಂಬ ಕೀಟಶಾಸ್ತ್ರಜ್ಞರ ಸಲಹೆಯ ಮೇರೆಗೆ 1960ರ ದಶಕದಿಂದ ಹೊರದೇಶಗಳ ಸಗಣಿಹುಳುಗಳನ್ನು ತರಿಸಿ ಬಿಡಬೇಕಾಯಿತು. ನಮ್ಮ ಕಣಿವೆಯಲ್ಲಿ ಬೆಳಿಗ್ಗೆ ಬಿದ್ದ ಸಗಣಿಯನ್ನು ಉಂಡೆಕಟ್ಟಿ ಉರುಳಿಸಿಕೊಂಡು ಹೋಗುವ ಹುಳುವಿಗೆ ಯಾರೂ ಸಂಬಳ ಕೊಡುವುದಿಲ್ಲ. ಆಸ್ಟ್ರೇಲಿಯದಲ್ಲಿ ಅದಕ್ಕೆ ಸರಕಾರವೇ ಹಣ ಕೊಡಬೇಕಾಯಿತು. ಒಂದು ಎಳೆ ಇಲ್ಲದಿದ್ದರೆ ಎಷ್ಟು ತೊಡಕೆಂಬುದು ಇದರಿಂದ ತಿಳಿಯಬಹುದು. ಮಹಾವಿನಾಶದಲ್ಲಿ ಕಡಿದುಹೋದದ್ದು ಒಂದು ಎಳೆಯಲ್ಲ, ಬಲೆಯ ಬಹುಭಾಗ. ಅದನ್ನು ಹೊರಗಿನಿಂದ ತರಿಸಿಕೊಡುವವರೂ ಯಾರೂ ಇರಲಿಲ್ಲ.

ಕಂಬಂ ಕಣಿವೆಯ ಭತ್ತದ ರೈತರಿಗೆ ನೇರವಾಗಿ ಸಂಬಂಧಿಸಿದ ಒಂದು ವಿಚಾರವನ್ನು ಇನ್ನೂ ಹೇಳಿಲ್ಲ. ಭತ್ತದ ಅಥವಾ ಕಬ್ಬಿನ ಗರಿಯನ್ನು ಅಂಚಿನುದ್ದಕ್ಕೆ ಎಳೆದರೆ ಬೆರಳು ಕೊಯ್ಯುತ್ತದೆ. ಕಾರಣವೇನೆಂದರೆ, ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕವನ್ನು ಹೀರಿ, ಎಲೆಯೊಳಗೆ ಕಣ್ಣಿಗೆ ಕಾಣದ ಗಾಜಿನ ಹರಳುಗಳಾಗಿ ಕೂಡಿಡುತ್ತವೆ. ಜಾತಿಜಾತಿಗೆ ಹರಳಿನ ಆಕಾರ ಬೇರೆ. ದನದ ಹೊಟ್ಟೆಯಲ್ಲಿ ಎಲ್ಲವೂ ಕರಗಿದರೂ ಈ ಹರಳು ಕರಗದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದೂರ ಎಂಬ ಹಳ್ಳಿಯಲ್ಲಿ ಡೈನೊಸಾರ್ ಯುಗದ ಕೊನೆಯ ಭಾಗದ ಮಲಶಿಲೆಗಳು ದೊರೆಯುತ್ತವೆ. ಲಕ್ನೋ ನಗರದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಅವರ ಸಂಗಡಿಗರು ಇವುಗಳನ್ನು ಆಮ್ಲದಲ್ಲಿ ಕರಗಿಸಿ ನೋಡಿದಾಗ, 2005ರಲ್ಲಿ ಲೋಕಕ್ಕೆ ತಿಳಿಸಿದಂತೆ, ಹುಲ್ಲಿನ ಹರಳುಗಳು ಸಿಕ್ಕಿದುವು. ಅಲ್ಲಿಯವರೆಗೆ ಡೈನೊಸಾರುಗಳು ಹುಲ್ಲನ್ನು ಕಂಡೇ ಇರಲಿಲ್ಲವೆಂದು ಬಹುಮಂದಿ ನಂಬಿದ್ದರು. 2011ರಲ್ಲಿ ಅದೇ ತಂಡವು ಅವುಗಳಲ್ಲಿ ಭತ್ತದ ಕುಲಕ್ಕೆ ಸೇರಿದ ಹುಲ್ಲಿನ ಗುರುತೂ ಇದೆಯೆಂದು ತೋರಿಸಿತು.

6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇನ್ನೊಂದು ಮಹಾವಿನಾಶ ನಡೆಯಿತು. ಮೆಕ್ಸಿಕೋದ ಬಳಿ ಉಲ್ಕೆ ಬಿದ್ದಿತು. ದಖ್ಖನ್ನಿನಲ್ಲಿ ಲಾವಾ ಹರಿಯುತ್ತಿದ್ದಿತು. ಪಿಸ್ದೂರದ ದೈತ್ಯರು ಅಳಿದರು. ಅವರ ಸಗಣಿಯಲ್ಲಿದ್ದ ಹುಲ್ಲಿನ ಕುಲ ಉಳಿಯಿತು. ಅದು ಕಾಲಕ್ರಮದಲ್ಲಿ ಬಯಲುಗಳನ್ನು ಹೊದೆಯಿತು, ದನಕ್ಕೆ ಮೇವಾಯಿತು, ಅದರ ಒಂದು ಕವಲು ಭತ್ತವಾಗಿ, 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಅದರ ನೀರನ್ನು ಕುಡಿದು ನಮ್ಮ ಗದ್ದೆಗಳಲ್ಲಿ ತೆನೆ ಹೊತ್ತಿತು. ಮಹಾವಿನಾಶದ ನಂತರ ಯಾರು ಊರನ್ನು ಕಟ್ಟುವರೆಂಬುದನ್ನು ಅದಕ್ಕೆ ಮುಂಚೆ ಯಾರೂ ಹೇಳಲಾರರು. ಡೈನೊಸಾರಿನ ಕಾಲಡಿಯ ಹುಲ್ಲನ್ನು ಕಂಡು ಇದರ ಸಂತಾನವೇ ಮುಂದೆ ನೆಲವನ್ನು ಆಳುವುದೆಂದು ಯಾರು ತಾನೆ ಎಣಿಸುತ್ತಿದ್ದರು?

ತಂದೆತಾಯಿಗಳಿಗೆ ಒಂದು ಮಾತು. ಕಾಡು ಕಡಿದರೆ ಮತ್ತೆ ಬೆಳೆಯುತ್ತದೆ, ಪ್ರಾಣಿ ಹೋದರೆ ಮತ್ತೊಂದು ಬರುತ್ತದೆ ಎಂದು ನಾವು ಹಗುರವಾಗಿ ಆಡುವುದುಂಟು. ಮಲಶಿಲೆಗಳ ಸಾಕ್ಷಿಯಂತೆ ಅದು ನಿಜವೇ. ಆದರೆ ಆ ಸಾಕ್ಷಿಯು ಕಾಲವನ್ನೂ ಹೇಳುತ್ತದೆ: ಕಡಲಿನಲ್ಲಿ ಹತ್ತು ಲಕ್ಷದಿಂದ ಐವತ್ತು ಲಕ್ಷ ವರ್ಷ, ಜೌಗಿನ ಕಾಡಿಗೆ ಒಂದು ಕೋಟಿ. ಮನುಷ್ಯನು ಗದ್ದೆ ಉಳಲು ಕಲಿತು ಹನ್ನೆರಡು ಸಾವಿರ ವರ್ಷವೂ ಆಗಿಲ್ಲ. ಶ್ರೀವಿಲ್ಲಿಪುತ್ತೂರು ಮೇಘಮಲೈ ಅರಣ್ಯವನ್ನು 2021ರಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವೆಂದು ಸಾರಿದಾಗ ದನ ಮೇಯಿಸುವವರಿಗೂ ಅರಣ್ಯದವರಿಗೂ ನಡುವೆ ಎದ್ದ ಪ್ರಶ್ನೆಗಳು ಕಣಿವೆಯಲ್ಲಿ ಎಲ್ಲರಿಗೂ ತಿಳಿದಿವೆ. ಆ ವ್ಯಾಜ್ಯವನ್ನು ತೀರಿಸುವುದು ಈ ಪಾಠದ ಕೆಲಸವಲ್ಲ. ಯಾವ ಪ್ರಾಣಿ ಏನನ್ನು ತಿಂದು ಯಾವ ಬೀಜವನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ಲೆಕ್ಕವಿಲ್ಲದೆ ಅದು ತೀರುವುದೂ ಇಲ್ಲ. ಆ ಲೆಕ್ಕವನ್ನು ಇಡಬಲ್ಲವರು ನಿಮ್ಮ ಮನೆಯಲ್ಲಿಯೇ ಓದುತ್ತಿದ್ದಾರೆ.

ಮೇಲಿನ ತರಗತಿಗಳ ವಿದ್ಯಾರ್ಥಿಗಳು ರಜಾದಿನಗಳಲ್ಲಿ ಮಾಡಬಹುದಾದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ ಆಕಳ ಒಣ ಸಗಣಿ ಒಂದು ಹಿಡಿ, ಗುಡ್ಡದಲ್ಲಿ ಮೇದು ಬಂದ ಆಕಳದು ಒಂದು ಹಿಡಿ ತರಬೇಕು. ಕೈಗೆ ರಬ್ಬರಿನ ಚೀಲ ತೊಟ್ಟುಕೊಂಡು, ಎರಡನ್ನೂ ಬೇರೆ ಬೇರೆ ಬಕೆಟ್ಟಿನ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಮರುದಿನ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯಬೇಕು. ಉಳಿದ ಬೀಜ, ನಾರು, ಹುಳುವಿನ ರೆಕ್ಕೆಗಳನ್ನು ಹಳೆಯ ಪತ್ರಿಕೆಯ ಮೇಲೆ ಒಣಗಿಸಿ ವಿಂಗಡಿಸಿ ಎಣಿಸಿರಿ. ಹೆಸರು ತಿಳಿಯದ ಬೀಜವನ್ನು ಕುಂಡದಲ್ಲಿ ನೆಟ್ಟರೆ ಮೊಳೆತ ಮೇಲೆ ಅದೇ ತನ್ನ ಹೆಸರನ್ನು ಹೇಳುತ್ತದೆ. ಕಾಡುಪ್ರಾಣಿಗಳ ಮಲವನ್ನು ಮುಟ್ಟಲೇಕೂಡದು. ಅದರಿಂದ ರೋಗ ತಗಲುವುದುಂಟು, ಕಾನೂನೂ ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದುಕೊಂಡು, ಜರಡಿಯ ನೀರನ್ನು ತೆಂಗಿನ ಬುಡಕ್ಕೆ ಹಾಕಿರಿ.